ಪಾಡ್ಯದಿಂದ ಪಾಡ್ಯದವರೆಗೆ

ಪುಣೆಯ ಖರಾಡಿಯ ಒಂದು ಗಾಜಿನ ಕಟ್ಟಡದಲ್ಲಿ, ಹಣಕಾಸಿನ ಸಲಹೆ ಕೊಡುವ ಹುಡುಗಿ ಕಂಪ್ಯೂಟರಿನಿಂದ ಕಣ್ಣೆತ್ತಿ ನಮ್ಮನ್ನು ಒಂದು ಪ್ರಶ್ನೆ ಕೇಳಿದಳು.

"ಆಂಟಿ, ಅಂಕಲ್, ಈ ದುಡ್ಡು ನಿಮಗೆ ಯಾವಾಗ ಬೇಕಾಗುತ್ತೆ?"

ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುವ ದನಿಯಲ್ಲೇ ಕೇಳಿದ್ದಳು, ಪಾಪ. ನಾನು ಗಂಡನ ಮುಖ ನೋಡಿದೆ. ಅವರು ಕಿಟಕಿಯಾಚೆ, ಎದುರಿನ ಕಟ್ಟಡದ ಗಾಜು ಒರೆಸುತ್ತಿದ್ದವನನ್ನು ನೋಡತೊಡಗಿದ್ದರು. ನಮ್ಮಿಬ್ಬರ ನಡುವೆ ಕೂತಿದ್ದ ಮಗಳು ತಿರುಗುವ ಕುರ್ಚಿ ಸಿಕ್ಕ ಸಂಭ್ರಮದಲ್ಲಿ ಗಿರಗಿರ ಸುತ್ತುತ್ತಿದ್ದಳು. ಆಗ ಅವಳಿಗೆ ಇಪ್ಪತ್ತೇಳು. ಬುದ್ಧಿ ಮಾತ್ರ ಆರು ವರ್ಷದ ಹತ್ತಿರ ಎಲ್ಲೋ ನಿಂತುಬಿಟ್ಟಿದೆ. ಅವಳೊಬ್ಬಳೇ ನಮಗೆ. ನಾವು ಹೋದ ಮೇಲೆ ಅವಳ ಅನ್ನಕ್ಕೆ, ಔಷಧಕ್ಕೆ, ಅವಳನ್ನು ನೋಡಿಕೊಳ್ಳುವವರ ಸಂಬಳಕ್ಕೆ ಇರುವುದು ಈ ದುಡ್ಡೊಂದೇ. ಅದು ಯಾವಾಗ ಬೇಕು ಎಂದರೆ, ನೀವಿಬ್ಬರೂ ಯಾವಾಗ ಸಾಯುತ್ತೀರಿ ಎಂದು ಕೇಳಿದ ಹಾಗೇ ಆಯಿತು.

"ನೋಡೂಣು, ವಿಚಾರ ಮಾಡಿ ಹೇಳ್ತೀವ್ರಿ" ಎಂದರು ನನ್ನ ಗಂಡ. ಅಂಗಡಿಗೆ ಬಂದು, ಇದ್ದಬದ್ದ ಬಟ್ಟೆಯನ್ನೆಲ್ಲ ಬಿಚ್ಚಿಸಿ, ಏನೂ ಕೊಳ್ಳದೆ ಎದ್ದುಹೋಗುವ ಗಿರಾಕಿಗಳು ಅವರಿಗೆ ಹೇಳುತ್ತಿದ್ದ ಮಾತು ಅದು.

ನಮ್ಮದು ಖಣದ, ಅಂದರೆ ರವಿಕೆ ಬಟ್ಟೆಯ ಅಂಗಡಿ. ನನ್ನ ಮಾವ ಬಾಗಲಕೋಟೆ ಕಡೆಯಿಂದ ಹೆಗಲ ಮೇಲೆ ಖಣದ ಗಂಟು ಹೊತ್ತು ಪುಣೆಗೆ ಬಂದವರು. ಸದಾಶಿವ ಪೇಠೆಯ ದೊಡ್ಡ ವಾಡೆಯ ಮನೆಯೊಂದರ ಜಗಲಿಯ ಮೇಲೆ ಶುರುವಾದ ಮಾರಾಟ ಮುಂದೆ ಅಂಗಡಿಯಾಯಿತು. ಸೊಸೆಯಾಗಿ ಬಂದ ನಾನು ಓಣಿಯ ಕೋಚಿಂಗ್ ಕ್ಲಾಸಿನಲ್ಲಿ ಗಣಿತ ಕಲಿಸಿದೆ. ಹಲಗೆಯ ಮೇಲೆ ಚಕ್ರಬಡ್ಡಿಯ ಲೆಕ್ಕ ಬಿಡಿಸಿದಷ್ಟು ನಾನು ರೊಟ್ಟಿ ಬಡಿದಿಲ್ಲ. ಆದರೆ ಇಬ್ಬರಿಗೂ ಪೆನ್ಶನ್ ಎಂಬುದು ಇಲ್ಲ. ನನ್ನ ಗಂಡನ ಮೊಣಕಾಲು ಸೋತವು, ಗಿರಾಕಿಗಳು ಹೊಲಿದಿಟ್ಟ ರವಿಕೆಯ ಕಡೆ ತಿರುಗಿದರು, ಹಳೆಯ ವಾಡೆ ಒಡೆದು ಹೊಸದು ಕಟ್ಟುವವರು ಬಾಗಿಲಿಗೆ ಬಂದರು. ಅಂಗಡಿ ಕೊಟ್ಟುಬಿಟ್ಟೆವು. ಕಂಡರಿಯದಷ್ಟು ದುಡ್ಡು ಒಮ್ಮೆಲೇ ಬ್ಯಾಂಕಿಗೆ ಬಂದು ಬಿತ್ತು. ದುಡ್ಡು ಇಲ್ಲದಾಗ ನನಗೆ ಒಂದೇ ಹೆದರಿಕೆ ಇತ್ತು. ಬಂದ ಮೇಲೆ ಅದಕ್ಕೆ ಮಕ್ಕಳುಮರಿ ಹುಟ್ಟಿದವು. ಗೊತ್ತಿಲ್ಲದ ಫೋನು ಬಂದರೆ ಮೋಸಗಾರರೇ ಇರಬೇಕು ಎನ್ನುವುದು, ಪತ್ರಿಕೆಯಲ್ಲಿ ಯಾವುದೋ ಬ್ಯಾಂಕು ಮುಳುಗಿದ ಸುದ್ದಿ ಬಂದರೆ ನಮ್ಮದೇ ಎಂದು ಓಡುವುದು, ಬಾಗಿಲಿಗೆ ಎರಡು ಸಲ ಚಿಲಕ ಹಾಕುವುದು. ದುಡ್ಡು ಮನೆಯಲ್ಲೇನೂ ಇರಲಿಲ್ಲ, ಆದರೂ ಹಾಕುತ್ತಿದ್ದೆ.

ಸಲಹೆಯ ಹುಡುಗಿ ಮೈಸೂರು ಕಡೆಯವಳು, ನಮ್ಮ ಕನ್ನಡ ಬಳಗದವರಿಂದ ಪರಿಚಯವಾದವಳು. ಅವಳು ನಮ್ಮ ದುಡ್ಡನ್ನು ಎರಡು ಪಾಲು ಮಾಡಿದಳು. ಒಂದು ಪಾಲು ಶೇರುಗಳಿಗೆ. ಅದು ಬಹಳ ವರ್ಷ ಬೆಳೆಯಲಿ, ಕೈ ಹಾಕಬೇಡಿ ಎಂದಳು. ಇನ್ನೊಂದು ನಗದಿನ ಪಾಲು. ಏನೇ ಆದರೂ ಮುಳುಗಬಾರದ ಪಾಲು.

"ಕ್ಯಾಶ್ ಅಂದ್ರೆ ಕ್ಯಾಶಾಗೇ ಇಡ್ಬೇಕು ಅಂತಿಲ್ಲ ಆಂಟಿ. ಗವರ್ನಮೆಂಟ್ ಬಾಂಡಲ್ಲಿ ಇಡೋಣ, ಸೇಫ್ ಆಗಿರುತ್ತೆ. ಆದ್ರೆ ಎಷ್ಟು ದಿನಕ್ಕೆ ಅಂತ ನೀವೇ ಡಿಸೈಡ್ ಮಾಡ್ಬೇಕು. ಮೂರು ತಿಂಗಳಿಗೆ ಮುಗಿಯೋದಿದೆ, ಒಂದು ವರ್ಷದ್ದಿದೆ, ಐದು, ಹತ್ತು, ನಲವತ್ತು ವರ್ಷದ್ದೂ ಇದೆ."

"ನಲವತ್ತು ವರ್ಷ?" ಇವರು ಕಿಟಕಿ ಬಿಟ್ಟು ತಿರುಗಿದರು. "ನಲವತ್ತು ವರ್ಷ ಉದ್ರಿ ಕೊಡೂದಾ? ಎಂಥಾ ಗಿರಾಕಿಗೂ ನಾ ಪಾಡ್ಯಾ ದಾಟಿ ಉದ್ರಿ ಬಿಟ್ಟಾಂವ ಅಲ್ಲ ನೋಡವಾ."

"ಇದು ಸರ್ಕಾರಕ್ಕೆ ಅಂಕಲ್."

"ಯಾರಿಗಾದ್ರ ಏನು? ಉದ್ರಿ ಉದ್ರೀನ."

ಈ ಪಾಡ್ಯದ ಮಾತು ಹೊರಗಿನವರಿಗೆ ಸುಲಭವಾಗಿ ತಿಳಿಯುವುದಿಲ್ಲ. ಮಾವನ ಕಾಲದಿಂದಲೂ ನಮ್ಮ ಅಂಗಡಿಯ ವರ್ಷ ಮುಗಿಯುವುದು, ಹುಟ್ಟುವುದು ದೀಪಾವಳಿಯ ಪಾಡ್ಯಕ್ಕೆ. ದರ್ಜಿಗಳಿಗೆ ಕೊಟ್ಟದ್ದು, ಊರ ಕಡೆಯ ನೇಕಾರರಿಂದ ತಂದದ್ದು, ಎಲ್ಲ ಅಷ್ಟರೊಳಗೆ ಚುಕ್ತಾ ಆಗಬೇಕು, ಹೊರಗಿನ ರೊಕ್ಕ ಮನೆ ಸೇರಬೇಕು. ಇಡೀ ಆಯುಷ್ಯ ಈ ಮನುಷ್ಯ ಮುಂದಿನ ಪಾಡ್ಯದಾಚೆ ಏನಿದೆ ಎಂದು ಕತ್ತೆತ್ತಿ ನೋಡಿದವರಲ್ಲ.

ಮಗಳ ವರ್ಷವೂ ಅದೇ. ಅವಳಿಗೆ ತಾರೀಖು, ತಿಂಗಳು ತಿಳಿಯುವುದಿಲ್ಲ. ಗಣಪತಿ ಬಂದ, ಗಣಪತಿ ಹೋದ, ಆಮೇಲೆ ಪಾಡ್ಯ. ಪಾಡ್ಯದ ಬೆಳಿಗ್ಗೆ ನಮ್ಮಲ್ಲಿ ಹೆಂಗಸರು ಗಂಡಸರಿಗೆ ಆರತಿ ಮಾಡುತ್ತಾರೆ, ಅವರು ತಟ್ಟೆಗೆ ಕಾಣಿಕೆ ಹಾಕುತ್ತಾರೆ. ನಮ್ಮ ಮನೆಯಲ್ಲಿ ಆ ಆರತಿಯ ಯಜಮಾನಿಕೆ ಮಗಳದು. ಮೊದಲು ರಂಗೋಲಿ, ರಂಗೋಲಿಯ ಮೇಲೆ ಮಣೆ, ಮಣೆಯ ಮೇಲೆ ಅಪ್ಪ, ಅಪ್ಪನ ಮುಂದೆ ತಟ್ಟೆ, ತಟ್ಟೆಯೊಳಗೆ ಒಂದು ಹೊಸ ನೋಟು. ಇದರಲ್ಲಿ ಒಂದು ಆಚೀಚೆಯಾದರೂ ಭೂಕಂಪ. ಒಂದು ವರ್ಷ ಮಣೆಯ ಬದಲು ಚಾಪೆ ಹಾಸಿದ್ದಕ್ಕೆ ಊಟದ ಹೊತ್ತಿನವರೆಗೆ ಅತ್ತಳು. ನೋಟಿನ ಬೆಲೆ ಅವಳಿಗೆ ಗೊತ್ತಿಲ್ಲ. ಗರಿಗರಿ ಇರಬೇಕು, ಮೂಗಿಗೆ ಹಿಡಿದರೆ ಹೊಸ ವಾಸನೆ ಬರಬೇಕು, ಅಷ್ಟೆ.

ಆ ದಿನ ಖರಾಡಿಯಿಂದ ಬರುವಾಗ ರಿಕ್ಷಾದಲ್ಲಿ ನಾನು ಲೆಕ್ಕ ಹಾಕುತ್ತಲೇ ಇದ್ದೆ. ಹುಡುಗಿ ಬಿಡಿಸಿ ಹೇಳಿದ್ದೆಲ್ಲ ನನಗೆ ಅರ್ಥವಾಗಿತ್ತು, ಅದೇ ತೊಂದರೆ. ದೂರದ ಅವಧಿಯ ಬಾಂಡು ಕೊಂಡರೆ ಬಡ್ಡಿ ಕಟ್ಟಿಟ್ಟ ಹಾಗೆ ಬರುತ್ತದೆ. ಆದರೆ ನಡುವೆ ಮಾರಬೇಕಾಗಿ ಬಂದಾಗ ಪೇಟೆಯಲ್ಲಿ ಬಡ್ಡಿ ಏರಿದ್ದರೆ ಅದರ ಬೆಲೆ ಬಿದ್ದಿರುತ್ತದೆ. ಅವಧಿ ಉದ್ದವಾದಷ್ಟೂ ಬೀಳುವುದು ಹೆಚ್ಚು. ಹತ್ತಿರದ್ದು ಕೊಂಡರೆ ಅಸಲಿಗೆ ಏನೂ ಆಗುವುದಿಲ್ಲ. ಆದರೆ ಮುಗಿದಾಗಲೆಲ್ಲ ಮತ್ತೆ ಕೊಳ್ಳಬೇಕು, ಆಗ ಬಡ್ಡಿ ಇಳಿದಿದ್ದರೆ ಅಷ್ಟಕ್ಕೇ ತೃಪ್ತಿಪಡಬೇಕು. ಈ ಕಡೆ ಒಂದು ಹೆದರಿಕೆ, ಆ ಕಡೆ ಒಂದು. ಮಕ್ಕಳಿಗೆ ಕಲಿಸುವಾಗ ಇಂಥ ಲೆಕ್ಕದಲ್ಲಿ ಅವಧಿ ಎಷ್ಟು ಎಂದು ಪುಸ್ತಕದವರೇ ಕೊಟ್ಟಿರುತ್ತಿದ್ದರು. ಇಲ್ಲಿ ಅದನ್ನೇ ನಾವು ಹೇಳಬೇಕಾಗಿತ್ತು.

ಕೊನೆಗೆ ಇವರೇ ತೀರ್ಮಾನಿಸಿದರು. ಒಂದು ವರ್ಷದೊಳಗಿನ ಸರಕಾರಿ ಪತ್ರಗಳನ್ನೇ ಕೊಳ್ಳುವುದು, ಅವೆಲ್ಲ ಮುಂದಿನ ಪಾಡ್ಯಕ್ಕಿಂತ ಸ್ವಲ್ಪ ಮೊದಲು ಮುಗಿಯಬೇಕು. ಪಾಡ್ಯ ಆದ ಮೇಲೆ ಮತ್ತೆ ಹೊಸದು, ಮತ್ತೆ ಮುಂದಿನ ಪಾಡ್ಯಕ್ಕೆ. ಹುಡುಗಿ ತಲೆ ಮೇಲೆ ಕೈ ಹೊತ್ತಳು.

"ಅಂಕಲ್, ಎಲ್ಲಾನೂ ಒಂದೇ ಡೇಟಿಗೆ ಇಡ್ಬಾರ್ದು. ಏಣಿ ಮೆಟ್ಟಿಲ ಥರ ಇಡೋಣ. ಸ್ವಲ್ಪ ಮೂರು ತಿಂಗಳಿಗೆ, ಸ್ವಲ್ಪ ಆರು ತಿಂಗಳಿಗೆ, ಸ್ವಲ್ಪ ಐದು ವರ್ಷಕ್ಕೆ. ನಡುವೆ ಬೇಕಾದ್ರೆ ಏನ್ಮಾಡ್ತೀರ?"

"ನಡುವ ಯಾಕ ಬೇಕಾಗ್ತದ? ಪಾಡ್ಯಾಕ್ಕ ರೊಕ್ಕ ಮನಿಗೆ ಬಂದ್ರ ಬರೋಬ್ಬರಿ. ನಮ್ಮಪ್ಪ ಹಂಗ ಮಾಡ್ಯಾನ, ನಾ ಹಂಗ ಮಾಡೀನಿ."

ಪಂಚಾಂಗ ಮುಂದಿಟ್ಟುಕೊಂಡು, ಪಾಡ್ಯ ಯಾವಾಗ ಬರುತ್ತದೆ ನೋಡಿ, ಅದಕ್ಕೆ ಸರಿಹೊಂದುವ ಪತ್ರ ಹುಡುಕಿಕೊಡು ಎಂದು ಆ ಹುಡುಗಿಯ ಪ್ರಾಣ ತಿಂದರು. ನಾನೂ ಬಾಯಿ ಬಿಡಲಿಲ್ಲ. ಗಣಿತದವಳಾಗಿ ಹುಡುಗಿಯ ಕಡೆ ಮಾತಾಡಬೇಕಾಗಿತ್ತು. ಆದರೆ ಮುಂದಿನ ಪಾಡ್ಯದವರೆಗೆ ಎಂದರೆ ನನಗೂ ಎದೆ ಹಗುರಾಗುತ್ತಿತ್ತು. ಅಷ್ಟರವರೆಗೆ ನಾವು ಇದ್ದೇ ಇರುತ್ತೇವೆ. ಮಗಳ ಜಡೆ ನಾನೇ ಹಾಕುತ್ತೇನೆ, ಉಗುರು ಅವರೇ ಕತ್ತರಿಸುತ್ತಾರೆ. ಅದರಾಚೆಗಿನದು ಆಮೇಲೆ ನೋಡಿಕೊಂಡರಾಯಿತು.

ಹೀಗೆ ಕೆಲವು ಪಾಡ್ಯಗಳು ದಾಟಿದವು. ಪ್ರತಿ ಸಲ ರೊಕ್ಕ ಬಂತು, ಇವರು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತವರ ಹಾಗೆ ಗತ್ತಿನಿಂದ ಕೂತು ಬ್ಯಾಂಕಿನ ಸಂದೇಶ ಓದಿದರು. ಮೊದಮೊದಲು ಬಡ್ಡಿ ಚೆನ್ನಾಗಿತ್ತು. ಆಮೇಲೆ ಇಳಿಯತೊಡಗಿತು. ಹೊಸ ಪತ್ರ ಕೊಳ್ಳುವಾಗಲೆಲ್ಲ ಹಳೆಯದಕ್ಕಿಂತ ಒಂದು ಎಳೆ ಕಡಿಮೆ. ನಾನು ಒಲೆಯ ಮುಂದೆ ನಿಂತು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಹೀಗೇ ಇಳಿದರೆ ಇನ್ನೂ ಎಷ್ಟು ವರ್ಷ ಸಾಕಾಗಬಹುದು? ಅಷ್ಟಕ್ಕೆ ನಿಲ್ಲಿಸಿ ಸಾಸಿವೆ ಸಿಡಿಸುತ್ತಿದ್ದೆ.

ಇಂಥ ಮಕ್ಕಳ ತಾಯಂದಿರು ಬಾಯಿಬಿಟ್ಟು ಹೇಳದ ಒಂದು ಬೇಡಿಕೆ ಇದೆ. ನಾನು ಹೇಳಿಬಿಡುತ್ತೇನೆ. ಅವಳಿಗಿಂತ ನಾನು ಒಂದು ದಿನವಾದರೂ ಹೆಚ್ಚು ಬದುಕಬೇಕು. ಹೆತ್ತವಳು ದೇವರ ಮುಂದೆ ಕೇಳುವ ವರವೇ ಇದು? ಕೇಳಿದ ಮೇಲೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು. ಆದರೂ ದೀಪ ಹಚ್ಚಿದಾಗಲೆಲ್ಲ ಅದನ್ನೇ ಕೇಳುತ್ತಿದ್ದೆ.

ಕಳೆದ ಜ್ಯೇಷ್ಠದ ಕೊನೆಯಲ್ಲಿ, ಪಂಢರಪುರಕ್ಕೆ ನಡೆದುಹೋಗುವ ವಾರಕರಿಗಳ ಪಾಲ್ಖಿ ನಮ್ಮ ಊರಿನಿಂದ ಹೊರಟ ಬೆಳಿಗ್ಗೆ ನಾವು ಮೂವರೂ ನೋಡಲು ಹೋಗಿದ್ದೆವು. ಮಗಳಿಗೆ ವಾರಕರಿಗಳ ತಾಳದ ಸದ್ದು ಎಂದರೆ ಜೀವ. ಅಪ್ಪನ ಕೈ ಹಿಡಿದು ನಿಂತಲ್ಲೇ ಕುಪ್ಪಳಿಸುತ್ತಿದ್ದಳು. ನೋಡನೋಡುತ್ತಿದ್ದಂತೆ ಇವರು ಅವಳ ಕೈ ಬಿಟ್ಟು ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಮುಖ ಬಿಳಿಚಿ, ಹಣೆಯಲ್ಲಿ ಬೆವರು ಒಡೆದಿತ್ತು.

"ಎದ್ಯಾಗ ಏನೋ ಹಿಡಕೊಂಡಂಗ ಆಗೇದ" ಎಂದರು.

ರಸ್ತೆಯೆಲ್ಲ ಬಂದ್. ರಿಕ್ಷಾ ಬರುವ ಹಾಗಿಲ್ಲ, ಕಾರು ಬರುವ ಹಾಗಿಲ್ಲ, ಜನರೋ ಇರುವೆ ಸಾಲಿನಂತೆ. ತುಳಸಿ ಹೊತ್ತ ಇಬ್ಬರು ಹೆಂಗಸರು ಸಾಲಿನಿಂದ ಹೊರಗೆ ಬಂದು, "ಕಾಯ್ ಝಾಲಂ ಬಾಬಾ?" ಎಂದು ಮರಾಠಿಯಲ್ಲಿ ಏನಾಯಿತೆಂದು ಕೇಳಿ ಸೆರಗಿನಿಂದ ಗಾಳಿ ಹಾಕಿದರು. ಅವರಲ್ಲೊಬ್ಬಳು ಜೋರು ದನಿಯಲ್ಲಿ ಕೂಗಿ ಪೊಲೀಸರನ್ನು ಕರೆದಳು. ಕೊನೆಗೆ ಪೊಲೀಸರ ಜೀಪಿನಲ್ಲೇ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಮಗಳು ತಾಳ ಬೇಕು ಎಂದು ಅಳುತ್ತಿದ್ದಳು, ನಾನು ಅವಳ ಬಾಯಿ ಮುಚ್ಚಲೋ ಇವರ ಎದೆ ತಿಕ್ಕಲೋ ತಿಳಿಯದೆ ಎರಡನ್ನೂ ಮಾಡುತ್ತಿದ್ದೆ.

ಹೃದಯದ ನಾಳಗಳು ಕಟ್ಟಿವೆ, ಆಪರೇಶನ್ ಆಗಲೇಬೇಕು, ತಡ ಮಾಡುವ ಹಾಗಿಲ್ಲ ಎಂದರು ವೈದ್ಯರು. ವಿಮೆ ಅರ್ಧ ದಾರಿಗೇ ನಿಂತಿತು. ಉಳಿದದ್ದನ್ನು ನಾವು ಕಟ್ಟಬೇಕು. ಬ್ಯಾಂಕಿನಲ್ಲಿ ಮನೆಯ ಖರ್ಚಿಗೆ ಇಟ್ಟದ್ದು ಯಾವ ಮೂಲೆಗೂ ಸಾಲದು. ಆಸ್ಪತ್ರೆಯ ಮೊಗಸಾಲೆಯಿಂದ ಖರಾಡಿಯ ಹುಡುಗಿಗೆ ಫೋನು ಮಾಡಿದೆ.

"ಆಂಟಿ, ಎಲ್ಲಾ ದೀಪಾವಳಿಗೆ ಮುಗಿಯೋದಲ್ವಾ" ಎಂದಳು. ಆಮೇಲೆ ಅವಳಿಗೇ ತನ್ನ ಮಾತು ಕಿವಿಗೆ ಬಿದ್ದಿರಬೇಕು, ದನಿ ಮೆತ್ತಗಾಯಿತು. "ಈಗ ಬೇಕು ಅಂದ್ರೆ ಮಾರ್ಕೆಟ್ಟಲ್ಲಿ ಮಾರ್ಬೇಕು. ನಮ್ಮಂಥ ಸಣ್ಣ ಮೊತ್ತಕ್ಕೆ ತಗೊಳ್ಳೋರು ತಕ್ಷಣ ಸಿಗಲ್ಲ. ಶೇರು ಈ ವಾರ ಬಿದ್ದಿದೆ, ಅದನ್ನ ಮುಟ್ಟೋದು ಬೇಡ. ನಾನು ಟ್ರೈ ಮಾಡ್ತಾ ಇರ್ತೀನಿ, ನೀವು ಫೋನ್ ಆನ್ ಇಟ್ಕೊಳ್ಳಿ."

ಪಾಡ್ಯಕ್ಕೆ ಇನ್ನೂ ಆಷಾಢ, ಶ್ರಾವಣ, ಭಾದ್ರಪದ, ಆಶ್ವಯುಜ ದಾಟಬೇಕು. ಕಾಯಿಲೆಗೆ ಪಂಚಾಂಗ ನೋಡುವ ಅಭ್ಯಾಸವಿಲ್ಲ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಂದು ಕೊಳ್ಳುವವರು ಸಿಗಲಿಲ್ಲ. ಹಣ ಕಟ್ಟುವ ಕಿಟಕಿಯ ಮುಂದೆ ನಾನು ನಿಂತು, ಕೂತು, ಮತ್ತೆ ನಿಂತು ಕಾದೆ. ಆ ಕಿಟಕಿಯ ಹಿಂದಿದ್ದಾಕೆ ಒಳ್ಳೆಯವಳೇ, ನಾಳೆಯವರೆಗೆ ನಡೆಯುತ್ತದೆ ಎಂದಳು. ಮರುದಿನ ಮಧ್ಯಾಹ್ನ ಯಾರೋ ಕೊಂಡರು. ಬೆಲೆ ಸ್ವಲ್ಪ ಕಡಿಮೆಯಾಯಿತು, ಅಷ್ಟೇನೂ ದೊಡ್ಡ ನಷ್ಟವಲ್ಲ. ಹಣ ಕಟ್ಟಿದ್ದೂ ಆಯಿತು, ಆಪರೇಶನ್ ಆದದ್ದೂ ಆಯಿತು.

ನನ್ನನ್ನು ನಡುಗಿಸಿದ್ದು ನಷ್ಟವಲ್ಲ. ಕಾಯುತ್ತಿದ್ದ ಆ ಹೊತ್ತಿನಲ್ಲಿ ಮಗಳು ನನ್ನ ಕೈಯಿಂದ ಫೋನು ಕಿತ್ತುಕೊಂಡು ಬೆಕ್ಕಿನ ವಿಡಿಯೋ ನೋಡುತ್ತಿದ್ದಳು. ನಡುವೆ ಹುಡುಗಿಯ ಕರೆ ಬಂತು. ಬೆಕ್ಕು ಮಾಯವಾಯಿತಲ್ಲ ಎಂಬ ಸಿಟ್ಟಿನಲ್ಲಿ ಮಗಳು ಅದನ್ನು ಕತ್ತರಿಸಿಬಿಟ್ಟಳು. ನಾನು ಫೋನು ಕಸಿದುಕೊಂಡು ತಿರುಗಿ ಮಾಡಿದೆ, ಏನೂ ಅನಾಹುತ ಆಗಲಿಲ್ಲ. ಆದರೆ ಈಗ ನಾನೂ ಇಲ್ಲೇ ಕುಸಿದರೆ? ತಿರುಗಿ ಫೋನು ಮಾಡುವವರು ಯಾರು? ಪಾಡ್ಯಕ್ಕೆ ರೊಕ್ಕ ಬಂದು ಬ್ಯಾಂಕಿನಲ್ಲಿ ಬಿದ್ದರೆ, ಅದನ್ನು ಎತ್ತಿ ಹೊಸ ಪತ್ರ ಕೊಳ್ಳುವವರು ಯಾರು? ಮೂರು ತಿಂಗಳದ್ದಾಗಲಿ ಒಂದು ವರ್ಷದ್ದಾಗಲಿ, ಹತ್ತಿರದ ಪತ್ರ ಸುರಕ್ಷಿತ ಎಂದು ನಾವು ನಂಬಿದ್ದೆವು. ಅದು ಸುರಕ್ಷಿತವೇ, ಮುಗಿದಾಗಲೆಲ್ಲ ಬದಲಿಸಲು ಒಬ್ಬರು ಜೀವಂತ ಇರುವವರೆಗೆ. ಇಷ್ಟು ವರ್ಷ ನಾವು ರೊಕ್ಕ ಕೂಡಿಟ್ಟದ್ದು ನಾವು ಇಲ್ಲದ ಕಾಲಕ್ಕಾಗಿ, ಇಟ್ಟದ್ದು ಮಾತ್ರ ನಾವು ಇದ್ದರಷ್ಟೇ ನಡೆಯುವ ರೀತಿಯಲ್ಲಿ.

"ಅವ್ವಾ, ಅಪ್ಪಾ ನಾಳಿಗೆ ಬರ್ತಾನ?" ಎಂದು ಮಗಳು ಕೇಳಿದಳು.

"ಬರ್ತಾನವಾ" ಎಂದೆ. ನನಗೇನು ಗೊತ್ತಿತ್ತು?

ಬಂದರು. ಎದೆಯ ನಡುವೆ ಹೊಲಿಗೆ, ನಾಳ ತೆಗೆದ ಕಾಲಿನಲ್ಲಿ ಇನ್ನೊಂದು ಹೊಲಿಗೆ. ಶ್ರಾವಣದ ಒಂದು ಬೆಳಿಗ್ಗೆ ಅವರು ಬಾಲ್ಕನಿಯಲ್ಲಿ ಕೂತು ಮಗಳ ಉಗುರು ಕತ್ತರಿಸುತ್ತಿದ್ದರು. ಅವಳು ಉಗುರಿಗೆ ಅಪ್ಪನನ್ನು ಬಿಟ್ಟರೆ ಯಾರನ್ನೂ ಸೇರಿಸುವುದಿಲ್ಲ. ನಾನು ಹತ್ತಿರ ಹೋದರೆ ಕಚ್ಚಲು ಬರುತ್ತಾಳೆ. ಕೆಲಸ ಮುಗಿದು ಅವಳು ಒಳಗೆ ಹೋದ ಮೇಲೆ ನಾನು ಎದುರಿಗೆ ಕೂತು, ಆಸ್ಪತ್ರೆಯಲ್ಲಿ ನನಗೆ ಅನಿಸಿದ್ದನ್ನೆಲ್ಲ ಹೇಳಿದೆ. ಇವರು ಉಗುರಿನ ಚೂರುಗಳನ್ನು ಒಂದೊಂದೇ ಆರಿಸಿ ಕಾಗದದಲ್ಲಿ ಹಾಕುತ್ತ ಕೇಳಿದರು.

"ಅಂದ್ರ ನೀ ಆ ನಲವತ್ತು ವರ್ಷದ್ದ ತಗೋಬೇಕಂತೀ."

"ಎಲ್ಲಾ ಅಲ್ರಿ. ಆಸ್ಪತ್ರಿ ಖರ್ಚಿಗೆ ಸ್ವಲ್ಪ ಹತ್ತಿರದ್ದು ಇರಲಿ, ಆಕಿ ಹೇಳಿದಂಗ ಮೆಟ್ಟಿಲ ಮಾಡಿ. ಉಳದದ್ದು ಮಾತ್ರ ದೂರದ್ದು. ಆರ ತಿಂಗಳಿಗೊಮ್ಮೆ ಬಡ್ಡಿ ತಾನ ಬರ್ತದ. ಯಾರೂ ಏನೂ ಮಾಡೂದು ಬ್ಯಾಡ."

"ಅದು ಮುಗಿಯೂ ಹೊತ್ತಿಗೆ ಅಕಿಗೆ ಎಷ್ಟಾಗಿರ್ತದ?"

ಸಾವಿರಾರು ಮಕ್ಕಳಿಗೆ ಕೂಡಿಸುವುದು ಕಳೆಯುವುದು ಕಲಿಸಿದ ನಾನು ಮೂವತ್ತೊಂದಕ್ಕೆ ನಲವತ್ತನ್ನು ಬೆರಳು ಮಡಚಿ ಕೂಡಿಸಿದೆ. ಆಮೇಲೆ ಹೇಳಿದೆ. "ಎಪ್ಪತ್ತೊಂದು."

"ಈಗಿನ ನನಗಿಂತ ಹಿರ್ಯಾಕಿ" ಎಂದರು. ಕಾಗದವನ್ನು ಪೊಟ್ಟಣ ಕಟ್ಟುತ್ತ, "ಕೂದಲೆಲ್ಲ ಬೆಳ್ಳಗಾಗಿರ್ತಾವ ಅಕಿದು" ಎಂದರು.

ಮಗಳಿಗೆ ಮುಪ್ಪು ಬರುತ್ತದೆ ಎಂದು ನಾವು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಅವಳು ಆರು ವರ್ಷದಲ್ಲೇ ನಿಂತವಳು ಎಂದುಕೊಂಡು ಬಂದಿದ್ದೆವು. ಬೆಳ್ಳನೆ ಜಡೆಯ, ಹಲ್ಲು ಬಿದ್ದ, ತಾಳ ಕೇಳಿದರೆ ಕುಪ್ಪಳಿಸಲು ಹೋಗಿ ಮೊಣಕಾಲು ನೋಯಿಸಿಕೊಳ್ಳುವ ಒಬ್ಬ ಮುದುಕಿ ನನ್ನ ಕಣ್ಣ ಮುಂದೆ ಬಂದು ನಿಂತಳು. ಅವಳ ಆಚೀಚೆ ನೋಡಿದೆ, ಯಾರೂ ಇರಲಿಲ್ಲ.

"ಉಗರ ಯಾರು ತಗೀತಾರ?" ಎಂದರು ಇವರು. ಕಾಗದದ ಪೊಟ್ಟಣ ಕೈಯಲ್ಲೇ ಇತ್ತು. "ಬಡ್ಡಿ ತಾನ ಬರ್ತದ ಅಂದೆಲ್ಲಾ. ಉಗರ?"

ನನಗೆ ಸಿಟ್ಟು ಬಂತು. "ಅದಕ್ಕೂ ಬಾಂಡ್ ಇದ್ರ ಕೇಳ್ಕೊಂಡು ಬರ್ತೀನಿ" ಎಂದು ಎದ್ದು ಒಳಗೆ ಹೋದೆ. ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ಕೂಗುವವರೆಗೆ ಅತ್ತೆ.

ಆದರೆ ಆಮೇಲೆ ಕೆಲಸಗಳು ಒಂದಾದ ಮೇಲೊಂದು ನಡೆದವು. ಊರ ಹೊರಗೆ, ಇಂಥ ಮಕ್ಕಳ ತಂದೆತಾಯಿಗಳೇ ಸೇರಿ ನಡೆಸುವ ಒಂದು ವಸತಿ ಇದೆ. ಅಲ್ಲಿಗೆ ಮೂರು ಸಲ ಹೋಗಿ, ಅಡುಗೆಮನೆ, ಬಚ್ಚಲುಮನೆ ಎಲ್ಲ ಇಣುಕಿ ನೋಡಿ, ಅವರಿಗೆ ಸಾಕುಸಾಕು ಮಾಡಿ, ಮಗಳ ಹೆಸರು ಬರೆಸಿ ಬಂದೆವು. ನಮ್ಮ ನಂತರ ಅವಳ ಪಾಲಕಿಯಾಗಲು ನನ್ನ ತಂಗಿಯ ಮಗಳು ಒಪ್ಪಿದಳು. ಒಳ್ಳೆಯ ಹುಡುಗಿ. ಒಳ್ಳೆಯವಳೇ ಆಗಿ ಉಳಿಯಲಿ ಎಂದು ಈಗ ಅವಳಿಗಾಗಿಯೂ ದೀಪ ಹಚ್ಚುತ್ತೇನೆ.

ದೀಪಾವಳಿಗೆ ಮೊದಲು, ಉಳಿದಿದ್ದ ಪತ್ರಗಳು ಮುಗಿದು ರೊಕ್ಕ ಬಂದಾಗ, ಮೂವರೂ ಮತ್ತೆ ಖರಾಡಿಗೆ ಹೋದೆವು. ಮಗಳು ನೇರ ಹೋಗಿ ಅದೇ ತಿರುಗುವ ಕುರ್ಚಿ ಹಿಡಿದಳು. ಈ ಸಲ ಹುಡುಗಿ ಯಾವಾಗ ಬೇಕು ಎಂದು ಕೇಳಲಿಲ್ಲ. ಸ್ವಲ್ಪ ಮೂರು ತಿಂಗಳಿಗೆ, ಸ್ವಲ್ಪ ಆರಕ್ಕೆ, ಸ್ವಲ್ಪ ವರ್ಷಕ್ಕೆ, ಹಾಗೇ ಐದು ಹತ್ತಕ್ಕೆ ಎಂದು ಮೆಟ್ಟಿಲು ಕಟ್ಟಿ ತೋರಿಸಿದಳು. ಕೊನೆಗೆ ನಲವತ್ತು ವರ್ಷದ್ದು.

"ಇದರ ಪ್ರೈಸು ಫೋನಲ್ಲಿ ಮೇಲೆ ಕೆಳಗೆ ಆಗ್ತಾ ಇರುತ್ತೆ. ನೀವು ಮಾರಲ್ಲ ಅಂದ್ಮೇಲೆ ಅದನ್ನ ನೋಡ್ಲೇಬೇಡಿ ಆಂಟಿ."

"ಅಷ್ಟು ವರ್ಷ ಆದ್ಮ್ಯಾಲೆ ಈ ಬಡ್ಡಿಗೆ ಏನ್ ಬರ್ತದವಾ? ಒಂದು ಊಟಾನರ ಬರ್ತದೇನು?" ಎಂದು ಕೇಳಿದೆ.

"ಅದಕ್ಕೇ ಶೇರಿನ ಪಾಲು ಇರೋದು. ಅದು ಬೆಳೀಬೇಕು" ಎಂದಳು. ಬೆಳೆಯುತ್ತದೆ ಎನ್ನಲಿಲ್ಲ. ನಾನು ಅದನ್ನು ಗಮನಿಸಿದೆ.

ಇವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಪರದೆಯ ಮೇಲಿನ ಕೊನೆಯ ತಾರೀಖನ್ನು ಬಹಳ ಹೊತ್ತು ನೋಡಿದರು. "ಆ ವರ್ಷ ಪಾಡ್ಯಾ ಯಾವಾಗ ಬರ್ತದ?" ಎಂದು ಕೇಳಿದರು. ಹುಡುಗಿಗೆ ನಗು ಬರಲಿಲ್ಲ. ಮನೆಯ ಗೋಡೆಯ ಪಂಚಾಂಗ ಅಷ್ಟು ದೂರ ಹೋಗುವುದಿಲ್ಲ. "ಇರಲಿ, ತಗೋ" ಎಂದರು. ಎಂಥ ಗಿರಾಕಿಗೂ ಪಾಡ್ಯ ದಾಟಿ ಉದ್ರಿ ಬಿಡದ ಮನುಷ್ಯ.

ನಾನು ಆ ಬೆಲೆಯನ್ನು ದಿನಾಲೂ ನೋಡುತ್ತೇನೆ. ಇಳಿದ ದಿನ ಊಟ ಸೇರುವುದಿಲ್ಲ. ಏರಿದ ದಿನವೂ ಅಷ್ಟೇನೂ ಸೇರುವುದಿಲ್ಲ.

ಪಾಡ್ಯ ಬಂತು. ನಸುಕಿನಲ್ಲೇ ಮಗಳು ಎದ್ದು ಮಣೆ ಒರೆಸಿ ಇಟ್ಟಿದ್ದಳು. ಆದರೆ ಇವರಿಗೆ ಕೆಳಗೆ ಕೂರುವ ಹಾಗಿಲ್ಲ. ಕಾಲಿನ ಹೊಲಿಗೆ ಇನ್ನೂ ಎಳೆಯುತ್ತಿತ್ತು, ವೈದ್ಯರೂ ಬೇಡವೆಂದಿದ್ದರು. ನಾನು ರಂಗೋಲಿಯ ಮೇಲೆ ಕುರ್ಚಿ ಇಟ್ಟೆ. ಮಗಳು ಅದನ್ನು ದರದರ ಎಳೆದು ಹಿಂದಕ್ಕೆ ಹಾಕಿ ಮಣೆ ಇಟ್ಟಳು. ಮತ್ತೆ ಕುರ್ಚಿ ಇಟ್ಟೆ, ಮತ್ತೆ ಎಳೆದಳು. ಇವರು ಹಿಂದಿನ ಆ ಕುರ್ಚಿಯಲ್ಲೇ ಕೂತು, "ಇಲ್ಲೇ ಮಾಡವಾ, ನನಗ ಕೆಳಗ ಕುಂದರಾಕ ಆಗೂದಿಲ್ಲ" ಎಂದರು.

ಅವಳು ತಿರುಗಿ ಅಪ್ಪನನ್ನು ನೋಡಿದಳು. ಮಣೆಯನ್ನು ನೋಡಿದಳು. ಏನೋ ಯೋಚಿಸುವವಳ ಹಾಗೆ ತುಟಿ ಕಚ್ಚಿ ನಿಂತಳು. ಆಮೇಲೆ ಅಪ್ಪನಿಗೆ ಬೆನ್ನು ಮಾಡಿ, ಮಣೆಯ ಎದುರಿಗೆ ಕೂತು, ಖಾಲಿ ಮಣೆಗೆ ಕುಂಕುಮ ಹಚ್ಚಿದಳು. ಅಪ್ಪನ ತಲೆ ಇರುತ್ತಿದ್ದ ಎತ್ತರಕ್ಕೆ ಅಕ್ಷತೆ ಹಾಕಿದಳು. ಕಾಳು ಮಣೆಯ ಮೇಲೆ ಚಟಪಟ ಬಿದ್ದವು. ಆರತಿ ತಟ್ಟೆ ಎತ್ತಿ, ಯಾರೂ ಇಲ್ಲದ ಜಾಗಕ್ಕೆ ಸಾವಕಾಶವಾಗಿ ಬೆಳಗಿದಳು.

ಬೇಡ, ನಿಲ್ಲಿಸು ಎಂದು ಕೂಗಬೇಕೆನಿಸಿತು. ಹಬ್ಬದ ದಿನ, ಅದೂ ಆಸ್ಪತ್ರೆಯಿಂದ ಎದ್ದು ಬಂದ ಮನುಷ್ಯನ ಕಣ್ಣೆದುರಿಗೆ. ಇವರು ನನಗೆ ಸುಮ್ಮನಿರು ಎಂದು ಕೈ ಸನ್ನೆ ಮಾಡಿದರು.

ಬೆಳಗಿ ಮುಗಿಸಿ ಅವಳು ತಟ್ಟೆ ಕೆಳಗಿಟ್ಟು, ಎಂದಿನಂತೆ ಮಣೆಯ ಕಡೆಯೇ ಮುಖ ಮಾಡಿ ಕಾದಳು. ಇವರು ಅಂಗಿಯ ಜೇಬಿನಿಂದ ಹೊಸ ನೋಟು ತೆಗೆದರು. ಎದೆಗೆ ಒಂದು ಕೈ ಒತ್ತಿಕೊಂಡು ಕುರ್ಚಿಯಿಂದ ಬಾಗಿ, ಅವಳ ಹೆಗಲ ಮೇಲಿನಿಂದ ಇನ್ನೊಂದು ಕೈ ಚಾಚಿ ಅದನ್ನು ತಟ್ಟೆಯೊಳಗೆ ಬಿಟ್ಟರು. ಅವಳು ಥಟ್ಟನೆ ಎತ್ತಿಕೊಂಡಳು, ಮೂಗಿಗೆ ಹಿಡಿದಳು, ನಕ್ಕಳು. ಮಣೆಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಓಡಿದಳು.

"ಹೊಳ್ಳಿ ನೋಡ್ಲಿಲ್ಲ ಅಕಿ, ಯಾರ ಕೈ ಅಂತ" ಎಂದರು ಇವರು.

"ಇಲ್ರಿ, ನೋಡ್ಲಿಲ್ಲ" ಎಂದೆ.

ಇಷ್ಟೆಲ್ಲ ಅವಧಿ ಆರಿಸಿ, ಮೆಟ್ಟಿಲು ಕಟ್ಟಿ ನಾವು ಬೇಡಿಕೊಂಡದ್ದು ಅದನ್ನೇ ತಾನೆ, ಯಾರ ಕೈಯಾದರೂ ಸರಿ, ನಾವಿಲ್ಲದಾಗಲೂ ಅವಳ ತಟ್ಟೆಗೆ ಬೀಳಲಿ ಎಂದು. ಆದರೂ ಇಬ್ಬರಿಗೂ ಅಳು ತಡೆಯಲಾಗಲಿಲ್ಲ.